ತೊಟ್ಟಿಗೆ ಬಿಟ್ಟ ನಲ್ಲಿ ನೀರು

ಬುಧವಾರ ಬೆಳಿಗ್ಗೆ ಏಳೂಕಾಲಿಗೆ ಡಯಾಲಿಸಿಸ್ ಕೇಂದ್ರದ ಡಾಕ್ಟರು ಖುದ್ದಾಗಿ ಠಾಣೆಗೆ ಬಂದರು. ಕೇಂದ್ರದ ನೀರಿನ ತೊಟ್ಟಿಗೆ ಯಾರೋ ಬೇಕೆಂದೇ ನಲ್ಲಿ ನೀರು ಬಿಟ್ಟಿದ್ದಾರೆ, ಯಂತ್ರಗಳೆಲ್ಲ ನಿಂತಿವೆ ಎಂಬುದು ದೂರು. ಇನ್‌ಸ್ಪೆಕ್ಟರ್ ಮೇಡಂಗೆ ಮೊದಲು ತಲೆಬುಡ ತಿಳಿಯಲಿಲ್ಲ.

“ನೀರಿಗೆ ನೀರು ಸೇರಿದ್ರೆ ಏನಾಯ್ತು ಡಾಕ್ಟ್ರೇ?”

“ಅದು ಕುಡಿಯೋ ನೀರಲ್ಲ ಮೇಡಂ. ಡೀಅಯಾನೈಸ್ಡ್ ನೀರು. ಲವಣಗಳನ್ನೆಲ್ಲ ಸೋಸಿ ತೆಗೆದಿರ್ತೀವಿ. ರೋಗಿಯ ರಕ್ತಕ್ಕೂ ಆ ನೀರಿಗೂ ನಡುವೆ ಇರೋದು ಒಂದು ತೆಳು ಪೊರೆ ಅಷ್ಟೆ. ಮೀಟರು ಕೆಂಪಾಗಿ ಯಂತ್ರ ತಾನೇ ನಿಂತ್ಕೊಳ್ತು, ಸದ್ಯ. ಈಗ ತೊಟ್ಟಿ, ಪೈಪು ಎಲ್ಲ ತೊಳೀಬೇಕು. ನಾಳೆ ಸಂಜೆವರೆಗೂ ಯಾರಿಗೂ ಡಯಾಲಿಸಿಸ್ ಇಲ್ಲ.”

ಎಫ್‌ಐಆರ್ ದಾಖಲಾಯಿತು. ಎಂಟು ಗಂಟೆಗೆ ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ನೀರಿನ ಕೋಣೆಯಲ್ಲಿದ್ದರು. ನೀರು ಸೋಸುವ ಎದೆಯೆತ್ತರದ ಎರಡು ನೀಲಿ ಸಿಲಿಂಡರು, ಗೋಡೆಗೊರಗಿದ ತೊಟ್ಟಿ, ನಡುವೆ ನಲ್ಲಿ ನೀರನ್ನು ಸೋಸದೆ ನೇರ ತೊಟ್ಟಿಗೆ ಬಿಡುವ ಒಂದು ಬೈಪಾಸ್ ವಾಲ್ವ್. ಅದು ಪೂರ್ತಿ ತೆರೆದಿತ್ತು. ಬಾಗಿಲಿನ ಬೀಗ ಮುರಿದಿರಲಿಲ್ಲ. ಬೀಗದ ಕೈ ಎಂದಿನಂತೆ ಹೊರಗಿನ ಮೊಳೆಯಲ್ಲೇ ನೇತಾಡುತ್ತಿತ್ತು. ಪಂಚರ ಮುಂದೆ ನೀರಿನ ಮಾದರಿ ತೆಗೆದು, ಸೀಲು ಹಾಕಿ, ಪಂಚನಾಮೆ ಬರೆದರು.

ಹೊರಗಿನ ಕಾರಿಡಾರಿನಲ್ಲಿ ರೋಗಿಗಳು ಕಂಗಾಲಾಗಿ ಕುಳಿತಿದ್ದರು. ಅವರನ್ನು ಪಕ್ಕದ ಊರಿನ ಆಸ್ಪತ್ರೆಗೆ ಕಳಿಸುವ ಓಡಾಟ ನಡೆದಿತ್ತು. ಶಾಲಾ ಬಸ್ಸಿನ ಚಾಲಕನೊಬ್ಬ ಊದಿದ ಕಾಲುಗಳನ್ನು ಚಾಚಿಕೊಂಡೇ ಎಲ್ಲರಿಗೂ ಧೈರ್ಯ ಹೇಳುತ್ತಿದ್ದ.

“ಬಸ್ಸು ಕೆಟ್ಟೋದ್ರೆ ಇನ್ನೊಂದು ಬಸ್ಸು ಹಿಡಿಯೋದಪ್ಪ. ಅದಕ್ಯಾಕೆ ಇಷ್ಟು ಮುಖ ಸಣ್ಣ ಮಾಡ್ಕೋತೀರಿ?” ಎಂದವನು ಇನ್‌ಸ್ಪೆಕ್ಟರನ್ನು ನೋಡಿ ನಕ್ಕ. “ಮೇಡಂ, ಕಳ್ಳ ಸಿಕ್ಕಿದ್ರೆ ನನ್ನ ಲೆಕ್ಕದಲ್ಲೂ ಎರಡು ಬಾರಿಸಿ.”

ಮಧ್ಯಾಹ್ನ ಹನ್ನೆರಡೂವರೆಗೆ ಡಾಕ್ಟರ ಫೋನ್ ಬಂತು. ಬಸ್ ಚಾಲಕ ದಾರಿಯಲ್ಲೇ ತೀರಿಕೊಂಡಿದ್ದ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಂತಿತ್ತು. ಇನ್‌ಸ್ಪೆಕ್ಟರ್ ಸಾವಿನ ಕಲಂ ಸೇರಿಸಲು ನ್ಯಾಯಾಲಯಕ್ಕೆ ಪತ್ರ ಬರೆಸಿದರು.

ಎಲ್ಲರ ಅನುಮಾನ ನೀರಿನ ಯಂತ್ರ ನೋಡಿಕೊಳ್ಳುವ ಟೆಕ್ನೀಷಿಯನ್ ಮೇಲಿತ್ತು. ಅವನನ್ನು ಠಾಣೆಗೆ ಕರೆಸಿದ್ದೂ ಆಗಿತ್ತು. ಅಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಬೇರೆಯೇ ಸುದ್ದಿ ತಂದರು.

“ಮೇಡಂ, ಬೆಳಗಿನ ಪಾಳಿಯ ರೋಗಿಗಳೆಲ್ಲ ಕೇಂದ್ರಕ್ಕೆ ಬಂದಿದ್ರು. ಒಬ್ಬರು ಮಾತ್ರ ಬರಲೇ ಇಲ್ಲ. ಇಲ್ಲಿನ ದರ್ಜಿಯೊಬ್ಬರ ಹೆಂಡತಿ. ಅವರನ್ನ ಕರ್ಕೊಂಡು ಬರೋ ಕಾರಿನವನನ್ನ ವಿಚಾರಿಸ್ದೆ. ನಾಳೆ ಬರಬೇಡ, ಮಷಿನ್ ಕೆಟ್ಟಿದೆ ಅಂತ ದರ್ಜಿ ಫೋನ್ ಮಾಡಿದ್ರಂತೆ.”

“ಯಾವಾಗ?”

“ನಿನ್ನೆ ಸಂಜೆ.”

ಯಂತ್ರ ಕೆಟ್ಟದ್ದು ಕೇಂದ್ರದವರಿಗೇ ಗೊತ್ತಾದದ್ದು ಇಂದು ಬೆಳಿಗ್ಗೆ. ಇನ್‌ಸ್ಪೆಕ್ಟರ್ ಟೆಕ್ನೀಷಿಯನ್ ಕಡೆ ತಿರುಗಿದರು.

“ನಿನ್ನೆ ಸಂಜೆ ಹೊರಗಿನವರು ಯಾರೂ ಬಂದಿಲ್ಲ ಅಂದ್ಯಲ್ಲ?”

“ಇಲ್ಲ ಮೇಡಂ.”

“ದರ್ಜಿ?”

“ಅವರು ಬಂದಿದ್ರು. ಅವರ ಹೆಂಡತಿ ಸ್ವೆಟರ್ ಮರೆತು ಹೋಗಿದ್ರು, ತಗೊಂಡು ಹೋದ್ರು.” ಹುಡುಗ ಕಣ್ಣು ಕಣ್ಣು ಬಿಟ್ಟ. “ಮೂರು ವರ್ಷದಿಂದ ಬರ್ತಿದ್ದಾರೆ. ಅವರು ಹೊರಗಿನವರಾ ಮೇಡಂ?”

ದರ್ಜಿ ಮನೆಯಲ್ಲಿರಲಿಲ್ಲ. ಬಸ್ ಚಾಲಕನ ಮನೆಗೆ ಹೋಗಿದ್ದಾರೆ ಎಂದು ಮಗಳು ಹೇಳಿದಳು. ಅವರು ಅಲ್ಲೇ ಸಿಕ್ಕರು. ಜನರೆಲ್ಲ ಒಳಗಿದ್ದರೆ, ಅವರೊಬ್ಬರೇ ಹೊರಗಿನ ಮೆಟ್ಟಿಲ ಮೇಲೆ, ಬಿಟ್ಟ ಚಪ್ಪಲಿಗಳ ನಡುವೆ ಕುಳಿತಿದ್ದರು. ಖಾಕಿ ಕಂಡು ಅವರು ಗಾಬರಿಯಾಗಲಿಲ್ಲ.

“ನಾನೇ ಬರೋಣ ಅಂತಿದ್ದೆ ತಾಯಿ. ಕಾಲು ಏಳಲಿಲ್ಲ.”

ಠಾಣೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. ವಾಲ್ವ್ ತಿರುಗಿಸಿದ್ದು ತಾನೇ ಎಂದರು.

“ಯಾಕೆ?”

“ಅವಳ ಕೈ ನೋಡಿದ್ರೆ ನೀವು ಹೀಗೆ ಕೇಳ್ತಿರ್ಲಿಲ್ಲ. ಸೂಜಿ ಚುಚ್ಚೋಕೆ ಜಾಗ ಉಳಿದಿಲ್ಲ. ಒಂದೇ ಒಂದು ದಿನ ಬಿಟ್ಬಿಡಿ ಅಂತ ತಿಂಗಳಿಂದ ಗೋಗರೀತಿದ್ಲು. ಬೇಡ ಬಿಡು ಅಂದ್ರೆ ಮಗಳು ನನ್ನ ಮೇಲೆ ಹರಿಹಾಯ್ತಾಳೆ, ಅಮ್ಮನ್ನ ಸಾಯೋಕೆ ಬಿಡ್ತೀಯಾ ಅಂತಾಳೆ. ಮಷಿನ್ನೇ ಕೆಟ್ರೆ ಯಾರ ತಪ್ಪೂ ಇಲ್ವಲ್ಲ ಅನ್ನಿಸ್ತು.”

“ಯಾರಿಗಾದರೂ ಪ್ರಾಣಾಪಾಯ ಆಗಬಹುದು ಅಂತ ಹೊಳೀಲಿಲ್ವಾ?”

“ಹಬೆ ಇಸ್ತ್ರಿಗೆ ನಾನೂ ಬ್ಯಾಟರಿ ಅಂಗಡಿಯಿಂದ ಇಂಥದ್ದೇ ನೀರು ತರ್ತಿದ್ದೆ. ನಲ್ಲಿ ನೀರು ಹಾಕಿದ್ರೆ ತೂತು ಕಟ್ಟಿ ಇಸ್ತ್ರಿ ನಿಂತೋಗೋದು. ಇದೂ ನಿಲ್ಲುತ್ತೆ, ಯಾರ ಮೈಗೂ ಆ ನೀರು ಹೋಗಲ್ಲ ಅಂತ ಗೊತ್ತಿತ್ತು. ಒಂದು ದಿನ ತಡ ಆದ್ರೆ ತಡ್ಕೊಳ್ಳೋಕಾಗದವರು ಇರ್ತಾರೆ ಅನ್ನೋದು...” ಅವರು ಮುಖ ಮುಚ್ಚಿಕೊಂಡರು. “ಮೂರು ವರ್ಷ ಪಕ್ಕಪಕ್ಕದಲ್ಲಿ ಕೂತಿದ್ವಿ. ನನ್ನನ್ನ ನಗಿಸ್ತಿದ್ದೋನು ಅವನೊಬ್ಬನೇ.”

ಸಂಜೆ ಆರೂವರೆಗೆ ದಸ್ತಗಿರಿ ಆಯಿತು. ಮಗಳಿಗೆ ತಿಳಿಸಿದರು.

ಹೇಳಿಕೆಗೆ ಸಹಿ ಹಾಕಲು ಪೆನ್ನು ಕೊಟ್ಟಾಗ ದರ್ಜಿ ತಡೆದರು.

“ಇನ್ನೊಂದು ಮಾತಿದೆ. ಇವತ್ತು ಬೆಳಿಗ್ಗೆ ಅವಳನ್ನ ಎಬ್ಬಿಸಲಿಲ್ಲ. ಮಧ್ಯಾಹ್ನದವರೆಗೂ ಮಗು ಥರ ಮಲಗಿದ್ಲು. ನಾನು ಪಕ್ಕದಲ್ಲಿ ಕೂತು ನೋಡ್ತಾ ಖುಷಿಪಡ್ತಿದ್ದೆ ತಾಯಿ. ಅದೇ ಹೊತ್ತಲ್ಲಿ ಅವನು ಹೋದ.”

ಬರೆಯುತ್ತಿದ್ದ ಕಾನ್‌ಸ್ಟೇಬಲ್ ಕೈ ನಿಲ್ಲಿಸಿ ಇನ್‌ಸ್ಪೆಕ್ಟರ್ ಮುಖ ನೋಡಿದ.

“ಬರ್ಕೊಳ್ಳಿ,” ಎಂದರು ಅವರು, ಕಿಟಕಿಯ ಕಡೆ ಮುಖ ತಿರುಗಿಸಿ. “ಅವರು ಹೇಳಿದ ಹಾಗೇ ಬರ್ಕೊಳ್ಳಿ.”