ಶನಿವಾರದವರೆಗೆ ಮಾಲೀಕರಿಲ್ಲ

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಐಸ್ ಫ್ಯಾಕ್ಟರಿಯ ಮೇಸ್ತ್ರಿ ಠಾಣೆಗೆ ಓಡಿಬಂದ. ಮಾಲೀಕರ ಮಗ ಕ್ರಶರ್ ಯಂತ್ರದ ಪಕ್ಕ ಸತ್ತು ಬಿದ್ದಿದ್ದಾನೆ, ಅವನ ತಂಗಿ ರಕ್ತ ಮೆತ್ತಿದ ಕೊಕ್ಕೆ ಹಿಡಿದು ಅಲ್ಲೇ ಕೂತಿದ್ದಾಳೆ ಎಂದು ಏದುಸಿರಿನಲ್ಲೇ ದೂರು ಕೊಟ್ಟ. ಎಫ್‌ಐಆರ್ ದಾಖಲಾಯಿತು. ಫ್ಯಾಕ್ಟರಿ ಇದ್ದದ್ದು ಎರಡು ಬೀದಿಯಾಚೆ. ಇನ್‌ಸ್ಪೆಕ್ಟರ್ ಜೀಪಿಗೆ ಕಾಯದೆ ದಫೇದಾರನೊಂದಿಗೆ ನಡೆದೇ ಹೋದರು.

ಅಲ್ಲಿ ಎರಡನೇ ಕೊಲೆ ಆಗುವುದರಲ್ಲಿತ್ತು. ಸತ್ತವನ ಹೆಂಡತಿ ನಾದಿನಿಯ ಜುಟ್ಟು ಹಿಡಿದು, ತಲೆಯನ್ನು ಸಿಮೆಂಟ್ ತೊಟ್ಟಿಯ ಅಂಚಿಗೆ ಚಚ್ಚುತ್ತಿದ್ದಳು. ಹಣೆ ಒಡೆದು ರಕ್ತ ಕಣ್ಣಿಗಿಳಿದಿದ್ದರೂ ನಾದಿನಿ ಕೈ ಎತ್ತಿರಲಿಲ್ಲ. ಲೋಡರ್‌ಗಳು ಕೈಕಟ್ಟಿ ನಿಂತು ನೋಡುತ್ತಿದ್ದರು. ದಫೇದಾರ ನಡುವೆ ತೂರಿ ಬಿಡಿಸುವಷ್ಟರಲ್ಲಿ ಅವನ ಕೆನ್ನೆಗೂ ಒಂದು ಬಿತ್ತು. ಜಗಳ ಬಿಡಿಸಲು ಹೋಗಿ ಏಟು ತಿನ್ನುವುದು ಅವನಿಗೆ ಹೊಸದೇನಲ್ಲ, ಸಂಬಳ ಕೊಡುವುದೇ ಅದಕ್ಕೆ ಎಂದು ಗೊಣಗಿಕೊಂಡ.

ಪಂಚನಾಮೆ ಹನ್ನೊಂದಕ್ಕೆ ಶುರುವಾಯಿತು. ಐಸ್ ಗಡ್ಡೆ ಎಳೆಯುವ ಕಬ್ಬಿಣದ ಕೊಕ್ಕೆ ದವಡೆಯ ಕೆಳಗೆ ನಾಟಿ ಗಂಟಲನ್ನು ಸೀಳಿತ್ತು. ಬೆನ್ನಲ್ಲಿ ಇನ್ನೆರಡು ಆಳವಾದ ಗಾಯಗಳಿದ್ದವು. ಅವನು ಬಿದ್ದಮೇಲೂ ಕೊಂದವರು ಬಿಟ್ಟಿರಲಿಲ್ಲ. ಪುಡಿ ಐಸು ಮಾರುದ್ದ ಕೆಂಪಾಗಿತ್ತು. ಪಂಚರಲ್ಲಿ ಒಬ್ಬ ವಾಂತಿ ಮಾಡಿಕೊಂಡಿದ್ದರಿಂದ ಬೇರೆಯವನನ್ನು ಕರೆಸಬೇಕಾಯಿತು. ಕ್ರಶರ್ ಓಡುತ್ತಿದ್ದ ಸದ್ದಿನಲ್ಲಿ ಯಾರಿಗೂ ಕೂಗು ಕೇಳಿಸಿರಲಿಲ್ಲ.

“ಕೊಕ್ಕೆ ನಿಮ್ಮ ಕೈಗೆ ಹೇಗೆ ಬಂತು?” ಇನ್‌ಸ್ಪೆಕ್ಟರ್ ತಂಗಿಯನ್ನು ಕೇಳಿದರು.

“ಅಣ್ಣನ ಬೆನ್ನಲ್ಲಿತ್ತು. ಕಿತ್ತೆ.”

“ಬೆಳಿಗ್ಗೆ ಜಗಳ ಆಡಿದ್ರಂತೆ?”

“ಆಡಿದ್ವಿ. ಅಪ್ಪನ ಕುರ್ಚೀಲಿ ಯಾರು ಕೂತ್ಕೋಬೇಕು ಅಂತ.”

ಅಷ್ಟು ಸಾಕಿತ್ತು. ಹೊರಗಿನವರು ಯಾರೂ ಒಳಗೆ ಬಂದಿಲ್ಲ ಎಂದು ಮೇಸ್ತ್ರಿಯೂ ಐದು ಜನ ಲೋಡರ್‌ಗಳೂ ಒಂದೇ ಮಾತು ಹೇಳಿದರು. ಅವಳನ್ನು ವಶಕ್ಕೆ ತೆಗೆದುಕೊಂಡರು. ಮರುದಿನ ನ್ಯಾಯಾಧೀಶರ ಮುಂದೆ ನಿಲ್ಲಿಸಿದರೆ ಅವಳು ಸೀದಾ ಜೈಲಿಗೆ ಹೋಗುವವಳೇ. ಹೊರಡುವ ಮುಂಚೆ ಇನ್‌ಸ್ಪೆಕ್ಟರ್ ಫ್ಯಾಕ್ಟರಿಯ ಮೇಲೆಯೇ ಇದ್ದ ಮಹಡಿ ಮನೆಗೆ ಹತ್ತಿಹೋಗಿ ಮಾಲೀಕರ ಕೈ ಹಿಡಿದು ಸಮಾಧಾನ ಹೇಳಿದರು. ಮುದುಕರು ಏನೋ ಹೇಳಲು ಬಾಯಿ ತೆರೆದಾಗ, ಈಗ ಏನೂ ಮಾತಾಡಬೇಡಿ, ಸುಧಾರಿಸಿಕೊಳ್ಳಿ ಎಂದು ತಾವೇ ತಡೆದರು. ಒಳ್ಳೆಯತನ ಕೆಲವೊಮ್ಮೆ ಕೆಲಸ ಕೆಡಿಸುತ್ತದೆ.

ಆದರೆ ಒಂದು ವಿಷಯ ಅವರ ತಲೆ ಕೊರೆಯುತ್ತಿತ್ತು. ಮಾಲೀಕರು ಗಟ್ಟಿಮುಟ್ಟಾಗಿ ಮಹಡಿಯ ಮೇಲಿರುವಾಗ ಕೆಳಗೆ ಕುರ್ಚಿಗೆ ಜಗಳ ಏಕೆ? ಮೇಸ್ತ್ರಿಯನ್ನು ಕೇಳಿದರೆ, ಅದು ಆಡಿಟರ್ ಮಾಡಿದ ಏರ್ಪಾಡು ಎಂದ. ಮಧ್ಯಾಹ್ನ ಎರಡಕ್ಕೆ ಇನ್‌ಸ್ಪೆಕ್ಟರ್ ಆ ಮನೆಯ ತೆರಿಗೆ ವ್ಯವಹಾರ ನೋಡಿಕೊಳ್ಳುವ ಆಡಿಟರ್ ಕಚೇರಿಗೆ ಹೋದರು.

ಆಡಿಟರ್‌ಗೆ ತಮ್ಮ ಏರ್ಪಾಡಿನ ಬಗ್ಗೆ ಹೆಮ್ಮೆಯೇ ಇತ್ತು. “ಮಾಲೀಕರು ತೀರಿಕೊಂಡ್ರೆ ಖಾತೆ ನಿಲ್ಲುತ್ತೆ, ಸಂಬಳ ನಿಲ್ಲುತ್ತೆ, ತೆರಿಗೆ ಮಾತ್ರ ನಿಲ್ಲಲ್ಲ ಸಾರ್” ಎಂದರು. ಉಯಿಲು ಬರೆದಿಟ್ಟರೆ ಸಾಲದು, ಸಹಿ ಯಾರದು, ಸಾಮಾನು ಯಾರು ತರಿಸಬೇಕು, ತೆರಿಗೆ ಯಾರು ಕಟ್ಟಬೇಕು ಎಂಬುದನ್ನು ಬದುಕಿರುವಾಗಲೇ ಒಂದು ವಾರ ನಡೆಸಿ ನೋಡಬೇಕಂತೆ. ಆ ವಾರ ಮಾಲೀಕರು ಸತ್ತಂತೆ ಲೆಕ್ಕ. ಅಕಸ್ಮಾತ್ ಕೆಳಗೆ ಬಂದರೂ ಯಾರೂ ಮಾತಾಡಿಸಬಾರದು, ತಿರುಗಿ ನೋಡಬಾರದು. ಸೋಮವಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಶನಿವಾರದವರೆಗೆ ಮಾಲೀಕರಿಲ್ಲ ಎಂದೇ ತಿಳಿದುಕೊಳ್ಳಿ ಎಂದು ಆಡಿಟರೇ ಹೇಳಿಕೊಟ್ಟಿದ್ದರು.

ಇನ್‌ಸ್ಪೆಕ್ಟರ್ ಮಾತು ಪೂರ್ತಿ ಕೇಳದೆ ಎದ್ದು ನೇರವಾಗಿ ಫ್ಯಾಕ್ಟರಿಗೆ ಬಂದರು. ಮೇಸ್ತ್ರಿಯನ್ನು ಮೂಲೆಗೆ ಕರೆದರು.

“ಇವತ್ತು ಬೆಳಿಗ್ಗೆ ಮಾಲೀಕರು ಕೆಳಗೆ ಬಂದಿದ್ರಾ?”

ಮೇಸ್ತ್ರಿ ನೆಲ ನೋಡಿದ. “ಬಂದಿದ್ರು. ದಿನಾ ಬರ್ತಿದ್ರು.”

“ಬೆಳಿಗ್ಗೆ ಯಾಕೆ ಬೊಗಳಲಿಲ್ಲ?”

“ನೀವು ಹೊರಗಿನೋರ ವಿಷಯ ಕೇಳಿದ್ರಿ ಸಾರ್. ಅವರನ್ನ ಇಲ್ಲ ಅಂತಲೇ ತಿಳ್ಕೊಂಡಿದ್ವಿ. ಬಂದಾಗ ತಲೆ ತಗ್ಗಿಸ್ಕೊಂಡು ಕೆಲಸ ಮಾಡ್ತಿದ್ವಿ, ಹೇಳಿಕೊಟ್ಟ ಹಾಗೆ.”

ಲೋಡರ್‌ಗಳು ಹೇಳಿದ್ದೂ ಅದನ್ನೇ. ಬಂದದ್ದು ಕಂಡಿದ್ದರು, ಮುಂದಿನದನ್ನು ನೋಡಿರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ. ಇನ್‌ಸ್ಪೆಕ್ಟರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು.

ಮಹಡಿಯ ಬಚ್ಚಲಲ್ಲಿ ರಕ್ತದ ಅಂಗಿ ಬಕೆಟ್ಟಿನಲ್ಲಿ ಹಾಗೇ ನೆನೆದಿತ್ತು. ಪಂಚರ ಎದುರು ಜಪ್ತಿ ಮಾಡಿದರು. ಮಾಲೀಕರು ಅಡ್ಡಿ ಮಾಡಲಿಲ್ಲ, ಕೇಳುವ ಮೊದಲೇ ಹೇಳತೊಡಗಿದರು.

“ಗಡ್ಡೆ ಕ್ರಶರ್ ಬಾಯಲ್ಲಿ ಅಡ್ಡ ಸಿಕ್ಕಿತ್ತು. ಹೀಗೆ ತಿರುಗಿಸು ಅಂದೆ. ನಕ್ಕ. ಅಪ್ಪಾ, ನೀವು ಸತ್ತಿದ್ದೀರಿ, ಹೋಗಿ ಮಲಕ್ಕೊಳ್ಳಿ ಅಂದ. ತಮಾಷೆಗೇ ಅಂದಿದ್ದು, ಗೊತ್ತು ನಂಗೆ. ಆಮೇಲೆ ಅವನೇ ತಿರುಗಿಸಿದ. ನಾನು ಮಾಡೋದಕ್ಕಿಂತ ಬೇಗ.” ಕೊಕ್ಕೆ ಹಿಡಿದವರಂತೆ ಮುಷ್ಟಿ ಕಟ್ಟಿದರು. “ಬೆನ್ನಿಗೆ ಹೊಡೆದೆ. ಅಪ್ಪಾ ಅಂತ ತಿರುಗಿದ. ಆಗ ಕತ್ತಿಗೆ ಹಾಕಿ ಎಳೆದೆ. ಬಿದ್ದಮೇಲೆ ಬೆನ್ನಿಗೆ ಇನ್ನೊಂದು.”

“ಮಗಳನ್ನ ಕರ್ಕೊಂಡು ಹೋಗುವಾಗ ಸುಮ್ಮನಿದ್ರಲ್ಲ?”

“ಆರು ಜನ ನಾನು ಬಂದಿದ್ದು ಕಂಡಿದ್ರು. ಒಬ್ಬರಾದ್ರೂ ನನ್ನ ಹೆಸರು ಹೇಳ್ತಾರೆ ಅಂತ ಕಾಯ್ತಿದ್ದೆ.”

ಸಂಜೆ ನಾಲ್ಕೂವರೆಗೆ ಬಂಧನವಾಯಿತು. ಠಾಣೆಯ ಬಾಗಿಲಲ್ಲಿ ಅಪ್ಪ ಒಳಗೆ ಬರುವಾಗ ಮಗಳು ಹೊರಗೆ ಹೊರಟಿದ್ದಳು. ಹಣೆಗೆ ಪಟ್ಟಿ ಕಟ್ಟಿದ್ದರು. ಅವಳು ಅವರ ಅಂಗಿಯ ಕಾಲರ್ ಹಿಡಿದಳು. ಬಿಡಿಸಲು ಹೋದ ದಫೇದಾರನನ್ನು ಇನ್‌ಸ್ಪೆಕ್ಟರ್ ಕಣ್ಣಲ್ಲೇ ತಡೆದರು.

“ನಾನು ಜೈಲಿಗೆ ಹೋದ್ರೂ ಪರವಾಗಿರಲಿಲ್ವಾ ಅಪ್ಪಾ?”

ಅವಳು ಕೈಬಿಟ್ಟು ಶವಾಗಾರದ ಕಡೆಗೆ ನಡೆದಳು, ಅಣ್ಣನ ದೇಹ ಪಡೆಯಲು ಮನೆಯಲ್ಲಿ ಇನ್ನು ಅವಳೂ ಅತ್ತಿಗೆಯೂ ಮಾತ್ರ ಉಳಿದಿದ್ದರು.

ಇನ್‌ಸ್ಪೆಕ್ಟರ್ ವರದಿಯಲ್ಲಿ ಹಠಾತ್ ಕೋಪ ಎಂದು ಬರೆದರು. ಬರೆದಮೇಲೂ ಬಹಳ ಹೊತ್ತು ಪೆನ್ನು ಕೆಳಗಿಡಲಿಲ್ಲ. ಮಗ ಆಸ್ತಿ ಕಿತ್ತುಕೊಂಡಿರಲಿಲ್ಲ, ಮೋಸ ಮಾಡಿರಲಿಲ್ಲ, ಅಪ್ಪ ಸಾಯಲಿ ಎಂದು ಬಯಸಿದವನೂ ಅಲ್ಲ. ಅಪ್ಪನಿಲ್ಲದೆ ಮೂರು ದಿನ ಫ್ಯಾಕ್ಟರಿಯನ್ನು ಚೆನ್ನಾಗಿ ನಡೆಸಿದ್ದ, ಅಷ್ಟೇ.