ಶಲ್ಯದ ಕೆಳಗೆ ಮೂರು ಬೆರಳು

ಸ್ವಾರಗೇಟಿನ ಗ್ಯಾರೇಜಿನಲ್ಲಿ ನಿಂತಿದ್ದ ಮನೆ-ಮೋಟಾರನ್ನು ಕಂಡೊಡನೆ ಡಾಕ್ಟರ್ ಶಿವಗಂಗವ್ವನ ಮನಸ್ಸು ಅದರ ಮೇಲೆ ಹೋಯಿತು.

ವಿಲಾಯತಿಗೆ ಮರಳಿದ ಸಾಹೇಬನೊಬ್ಬ ಮಾರಿಹೋದ ಗಾಡಿ. ಒಳಗೆ ಸಾಗವಾನಿ ಕಪಾಟು, ಮಡಚುವ ಹಾಸಿಗೆ, ಹಿತ್ತಾಳೆ ನಲ್ಲಿ, ಪುಟ್ಟ ಸ್ಟೋವ್, ಕಿಟಕಿಗೆ ಹಸಿರು ಪರದೆ. ಸಾಹೇಬ ಇದರಲ್ಲಿ ಕಾಡಿಗೆ ಹೋಗಿ ಬಿಡಾರ ಹೂಡುತ್ತಿದ್ದನಂತೆ.

ಶಿವಗಂಗವ್ವನಿಗೆ ಬೇಕಾದದ್ದು ಚಿಲಕ ಹಾಕಿಕೊಂಡು ಮಲಗುವಷ್ಟು ಜಾಗ. ಸಾಸವಡದ ಸುತ್ತಿನ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋದರೆ ತಂಗಲು ಠಾವಿರಲಿಲ್ಲ. "ಹೀಗಾದರೆ ಮುಂದಿನ ತಿಂಗಳಿಂದ ಗಂಡಸು ಡಾಕ್ಟರನ್ನು ಕಳಿಸುತ್ತೇವೆ" ಎಂದಿದ್ದರು ದವಾಖಾನೆಯ ಪಂಚರು. ಗಂಡಸು ಹೋದರೆ ಆ ಹೆಂಗಸರು ಬಾಗಿಲನ್ನೇ ತೆರೆಯಲಾರರು. ಇದ್ದ ಉಳಿತಾಯವೆಲ್ಲ, ಮೂರು ಸಾವಿರ ರೂಪಾಯಿ, ಅವಳ ಕೈಚೀಲದಲ್ಲಿತ್ತು.

ಗಾಡಿಯ ಒಡೆಯ ಅಪ್ಪಾಸಾಹೇಬ ಅಥಣಿ ಕಡೆಯವನು. ಎತ್ತು ಮಾರುತ್ತಿದ್ದವನು ಈಗ ಮೋಟಾರು ಮಾರುತ್ತಿದ್ದರೂ ಎತ್ತಿನ ಸಂತೆಯ ಪದ್ಧತಿ ಬಿಟ್ಟಿರಲಿಲ್ಲ. ದರವನ್ನು ಬಾಯಲ್ಲಿ ಹೇಳುವಂತಿಲ್ಲ. ಶಲ್ಯದ ಕೆಳಗೆ ಮಾರುವವನ ಬೆರಳು ಹಿಡಿಯಬೇಕು. ಒಂದು ಬೆರಳಿಗೆ ಒಂದು ಸಾವಿರ. ಹಿಡಿದ ಮೇಲೆ ಕೊಳ್ಳುವವರು ಹಿಂದೆ ಸರಿಯುವಂತಿಲ್ಲ.

ಶಿವಗಂಗವ್ವನನ್ನು ನೋಡಿ ಮುದುಕ ಗಲ್ಲ ಕೆರೆದುಕೊಂಡ. "ಪರರ ಹೆಣ್ಮಗಳ ಕೈ ನಾ ಹ್ಯಾಂಗ ಹಿಡೀಲೆವ್ವಾ? ಏ ಸಿದ್ದಲಿಂಗಾ, ನೀ ಬಾ. ನನ್ನ ಕೇಳಾಕಿ ಮನ್ಯಾಗ ಅದಾಳ. ನಿನ್ನ ಕೇಳವರು ಯಾರದಾರ?"

"ಕಾಕಾ!" ಎಂದು ಮಾರಾಟದ ಇಳಕಲ್ ಸೀರೆಗಳ ಗಂಟು ಕಟ್ಟುತ್ತಿದ್ದ ಅಣ್ಣನ ಮಗ ಸಿದ್ದಲಿಂಗಪ್ಪ ಕಿವಿಯವರೆಗೂ ಕೆಂಪಾದ.

"ಲಗೂ ಮುಗಿಸಿ ಮಾರಾಯ್ರೆ, ಮುಂದಿನ ಸರದಿ ನನ್ನದು," ಎಂದ ಬಾಗಿಲಲ್ಲಿ ಕಾದಿದ್ದ ಹೋಟೆಲಿನ ಹರಿಶ್ಚಂದ್ರ.

ಸಿದ್ದಲಿಂಗಪ್ಪ ಕೈ ತೊಳೆದು, ಒರೆಸಿಕೊಂಡು ಬಂದು ಶಲ್ಯ ಹಾಸಿದ. ಅವನು ಕೈ ತೊಳೆದದ್ದು ಶಿವಗಂಗವ್ವನ ಕಣ್ಣಿಗೆ ಬಿತ್ತು. ನೂರಾರು ನಾಡಿ ಹಿಡಿದ ಕೈ ಅವಳದು. ಆದರೂ ಮೂರು ಬೆರಳು ಹಿಡಿಯಲು ಹೋದವಳು ಗಾಬರಿಯಲ್ಲಿ ಇಡೀ ಹಸ್ತವನ್ನೇ ಹಿಡಿದುಬಿಟ್ಟಳು.

ಐದು ಸಾವಿರ!

ಅವಳ ಮುಖದ ಬಣ್ಣ ಇಳಿಯಿತು. ಅವನು ಅದನ್ನು ನೋಡಿದ. ಶಲ್ಯದ ಕೆಳಗೆ ಅವನ ಕಿರುಬೆರಳು ಮೆಲ್ಲಗೆ ಅವಳ ಹಿಡಿತದಿಂದ ಜಾರಿತು. ಆಮೇಲೆ ಹೆಬ್ಬೆರಳು. ಮೂರು ಬೆಚ್ಚನೆಯ ಬೆರಳು ಅವಳ ಮುಷ್ಟಿಯಲ್ಲಿ ಉಳಿದವು.

"ಮುಗೀತ್ರಿ," ಎಂದ ಸಿದ್ದಲಿಂಗಪ್ಪ, ಮೇಲೆ ನೋಡದೆ. "ಗಾಡಿ ಡಾಕ್ಟರ್‌ಬಾಯಿಯವರದು."

"ನಾನು ನಾಲ್ಕು ಕೊಡುವವನಿದ್ದೆ!" ಎಂದು ಗೊಣಗುತ್ತ ಹರಿಶ್ಚಂದ್ರ ಹೊರಟುಹೋದ.

ಮೂರು ಸಾವಿರವನ್ನು ಕೈಗೆ ತೆಗೆದುಕೊಂಡ ಅಪ್ಪಾಸಾಹೇಬ ಅಣ್ಣನ ಮಗನತ್ತ ಕಣ್ಣರಳಿಸಿದ. "ನನ್ನ ಮೂರು ನನಗ ಬಂತು. ಮ್ಯಾಲ ಬಂದದ್ದೆಲ್ಲಾ ನಿಂದ ಅಂತ ಹೇಳಿದ್ನಿಲ್ಲೋ, ಹುಚ್ಚಪ್ಪಾ?"

ಸಿದ್ದಲಿಂಗಪ್ಪ ಬಿಟ್ಟುಕೊಟ್ಟದ್ದು ತನ್ನದೇ ಪಾಲಿನ ಎರಡು ಸಾವಿರ ಎಂದು ಶಿವಗಂಗವ್ವನಿಗೆ ಆಗ ಅರ್ಥವಾಯಿತು.

ಗಾಡಿ ನಡೆಸಲು ಸಿದ್ದಲಿಂಗಪ್ಪನೇ ನಾಲ್ಕು ಭಾನುವಾರ ಕಲಿಸಿದ. ಅವಳು ಬ್ರೇಕ್ ಬದಲು ಇನ್ನೊಂದನ್ನು ಒತ್ತಿದಾಗಲೆಲ್ಲ, "ಛಲೋ ಆತ್ರಿ, ಬೇಲಿ ಹಳೇದಿತ್ತು" ಎನ್ನುತ್ತಿದ್ದ.

ಮೊದಲ ಪ್ರಯಾಣಕ್ಕೆ ಅವನೂ ಸೀರೆಯ ಗಂಟು ಹಾಕಿಕೊಂಡು ಹೊರಟ. ಅಂದು ಸಾಸವಡದ ಸಂತೆ. ಹಿಂದಿನ ಹಾಸಿಗೆಯಲ್ಲಿ ಸೂಲಗಿತ್ತಿ ಭಾಮಾಬಾಯಿ ಗೊರಕೆ ಹೊಡೆಯುತ್ತಿದ್ದಳು. ಘಾಟಿನ ಅರ್ಧದಲ್ಲಿ ರೇಡಿಯೇಟರ್ ಬುಸುಗುಟ್ಟಿತು. ಗಾಡಿ ನಿಲ್ಲಿಸಿ ಇಬ್ಬರೂ ಕೆಳಗಿಳಿದರು.

"ಎರಡು ಸಾವಿರ ಬಿಟ್ರ್ಯಲ್ಲ, ಯಾಕ್ರಿ?"

"ಬಿಡಿಸಿಕೊಂಡದ್ದು ಎರಡು ಬೆರಳರೀ. ಉಳಿದ ಮೂರು ಇನ್ನೂ ನಿಮ್ಮ ಕೈಯಾಗ ಅದಾವ ಅನಸ್ತದ."

ಅವಳು ಕಣಿವೆಯತ್ತ ಮುಖ ತಿರುಗಿಸಿದಳು. ನಗು ಮಾತ್ರ ಈ ಕಡೆಗೇ ಉಳಿಯಿತು. ಆಮೇಲೆ ಗಂಭೀರವಾಗಿ, "ನನ್ನ ನೋಡಾಕ ಬಂದವರೆಲ್ಲಾ ಕೆಲಸ ಬಿಡು ಅಂದ್ರು. ನಾ ಬಿಡಂಗಿಲ್ರಿ," ಎಂದಳು.

"ಯಾಕ ಬಿಡಬೇಕ್ರಿ? ನಂದೂ ಊರೂರು ತಿರುಗೋ ವ್ಯಾಪಾರ. ನೀವು ಒಳಗ ಬಾಣಂತಿ ನೋಡ್ರಿ. ನಾ ಹೊರಗ ಬಿಸಿನೀರು ಕಾಸಿ ಕೊಡ್ತೀನಿ."

ಬಿಸಿನೀರಿಗಾಗಿ ಎಷ್ಟು ಮನೆಗಳಲ್ಲಿ ಅವಳು ಕೂಗಾಡಿರಲಿಲ್ಲ! ಕೇಳದೆಯೇ ಕೊಡುತ್ತೇನೆಂದವನು ಇವನೊಬ್ಬನೇ.

ಅವಳು ಹೊರಳಿ ಗಾಡಿಯೊಳಗೆ ಹೋದಳು. ತನ್ನ ಮಾತು ಅತಿಯಾಯಿತೇನೋ ಎಂದುಕೊಂಡ ಸಿದ್ದಲಿಂಗಪ್ಪ. ಆದರೆ ಅವಳು ನೀರು ತುಂಬಿದ ತಂಬಿಗೆ ಹಿಡಿದು ಗಾಡಿಯ ಮೆಟ್ಟಿಲಿಗೆ ಮರಳಿ ಬಂದಳು.

"ಕಾಲು ತೊಳಕೊಂಡು ಒಳಗ ಬರ್ರಿ. ಚಹಾ ಇಡ್ತೀನಿ."

"ಗಾಡಿ ಕಲಿಸಿದವನಿಗೆ ಇಷ್ಟು ಉಪಚಾರ ಯಾಕ್ರಿ?"

"ಉಪಚಾರ ಅಲ್ರಿ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನನ್ನ ಗಂಡ ಆಗವರು ಧೂಳಗಾಲಿಲೆ ನನ್ನ ಮನ್ಯಾಗ ಕಾಲಿಟ್ರ ನನಗ ಸೇರಂಗಿಲ್ಲ."

ಒಳಗೆ ಗೊರಕೆ ಥಟ್ಟನೆ ನಿಂತಿತು. "ಚಹಾಕ್ಕೆ ಸಾಖರ ನಾ ಹಾಕ್ತೀನಿ, ಭಾಳ ಹಾಕ್ತೀನಿ!" ಎಂದಳು ಭಾಮಾಬಾಯಿ.

ಸಿದ್ದಲಿಂಗಪ್ಪ ಅವಳನ್ನೇ ನೋಡುತ್ತ ಕಾಲಿಗೆ ನೀರು ಸುರಿದುಕೊಳ್ಳುತ್ತಲೇ ಇದ್ದ. ತಂಬಿಗೆ ಯಾವಾಗಲೋ ಬರಿದಾಗಿತ್ತು.