ಕೆಂಪು ಪೆಟ್ಟಿಗೆಯ ಹನ್ನೊಂದು ನಳಿಕೆಗಳು

ಮಂಗಳವಾರ ಬೆಳಗ್ಗೆ ಆ ಹೆಂಗಸು ನಮ್ಮ ರಿಪೇರಿ ಅಂಗಡಿಯ ಬಾಗಿಲಿಗೆ ಬಂದಾಗ ಅವಳ ಎಡಗೆನ್ನೆಯ ಮೇಲೆ ಉಗುರಿನ ಮೂರು ಗೀರುಗಳಿದ್ದವು. ಒಳಗೆ ಬಾ ಎಂದರೂ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು, "ಡಿಗ್ರಿಯಮ್ಮ ಅನ್ನೋರು ಇಲ್ಲೇ ಇರೋದಾ?" ಎಂದು ಕೇಳಿದಳು.

ಡಿಗ್ರಿಯಮ್ಮ ಎಂದರೆ ನನ್ನ ಅತ್ತಿಗೆ. ಓದಿದ್ದು ಹತ್ತನೇ ತರಗತಿ. ಅಣ್ಣ ತೀರಿಕೊಂಡ ಮೇಲೆ ಅವನ ಸ್ಪ್ಯಾನರು, ಗ್ಯಾಸ್ ಸಿಲಿಂಡರು, ಫ್ರೀಜರ್ ರಿಪೇರಿ ಎಲ್ಲವನ್ನೂ ತಾವೇ ಹೊತ್ತುಕೊಂಡವರು. ಆಸ್ಪತ್ರೆ, ಔಷಧಿ ಉಗ್ರಾಣ, ಪ್ರಯೋಗಾಲಯಗಳ ತಂಪನ್ನು ಇಪ್ಪತ್ತೆರಡು ವರ್ಷ ಡಿಗ್ರಿ ಡಿಗ್ರಿ ಲೆಕ್ಕದಲ್ಲಿ ಕಾದಿದ್ದಕ್ಕೆ ಆ ಹೆಸರು ಬಿದ್ದಿತ್ತು. ಜೊತೆಗೆ ಎರಡು ಮೂರು ಗೋಜಲಿನ ಪ್ರಕರಣಗಳನ್ನು ಬಿಡಿಸಿಕೊಟ್ಟಿದ್ದರಿಂದ ಕಷ್ಟದಲ್ಲಿದ್ದವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ವ್ಯಾನ್ ಓಡಿಸುವುದು, ಪೆಟ್ಟಿಗೆ ಹೊರುವುದು, ಆಮೇಲೆ ಎಲ್ಲವನ್ನೂ ಬರೆದಿಡುವುದು ಮೈದುನನಾದ ನನ್ನ ಕೆಲಸ.

ಆ ಹೆಂಗಸು ಊರಂಚಿನ ಸಂಶೋಧನಾಲಯದಲ್ಲಿ ನೆಲ ಒರೆಸುವವಳು. ಅಲ್ಲಿನ ದೊಡ್ಡ ಫ್ರೀಜರಿನ ಮೇಲಿನ ಅರೆಯಲ್ಲಿ ಒಂದು ಕೆಂಪು ಪೆಟ್ಟಿಗೆ ಇತ್ತು. ಅದರಲ್ಲಿ ಹನ್ನೊಂದು ನಳಿಕೆಗಳಲ್ಲಿ ಹನ್ನೊಂದು ಮಕ್ಕಳ ರಕ್ತದ ಮಾದರಿ. ನಡೆಯುವ ಶಕ್ತಿಯನ್ನೇ ಕಸಿಯುವ ಒಂದು ಅಪರೂಪದ ಕಾಯಿಲೆಯ ಮಕ್ಕಳು ಅವರು. ಆ ರಕ್ತವನ್ನು ಮರುಪರೀಕ್ಷೆ ಮಾಡಲು ಹೊರಗಿನ ಪರೀಕ್ಷಕರು ಗುರುವಾರ ಬರುವವರಿದ್ದರು. ಫಲಿತಾಂಶ ಸರಿಯಿದ್ದರೆ ಹೊಸ ಔಷಧಿಯ ಪ್ರಯೋಗ ಶುರು. ಆದರೆ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ನೋಡಿದರೆ ಫ್ರೀಜರಿನ ಪ್ಲಗ್ ಕಿತ್ತು ಬಿದ್ದಿತ್ತಂತೆ. ಭಾನುವಾರ ನೆಲ ಉಜ್ಜುವ ಮೆಷಿನ್ ಹಾಕಲು ಇವಳೇ ಕಿತ್ತಿದ್ದಾಳೆ, ಮಾದರಿಗಳೆಲ್ಲ ಕರಗಿ ಹಾಳಾದವು ಎಂದು ತೀರ್ಪು ಕೊಟ್ಟು ಅವಳನ್ನು ಕೆಲಸದಿಂದ ತೆಗೆದಿದ್ದರು.

"ನಾನು ಮೆಷಿನ್ ಪ್ಲಗ್ ಹಾಕೋದು ಬಾಗಿಲ ಪಕ್ಕ ಅಕ್ಕಾ. ಒಂಬತ್ತು ವರ್ಷದಿಂದ ಅಲ್ಲೇ. ಆ ಫ್ರೀಜರ್ ಹಿಂದೆ ನನ್ನ ಕೈ ಕೂಡ ತೂರಲ್ಲ."

"ಕೆನ್ನೆ ಗೀರಿದ್ದು ಯಾರು?"

"ಒಬ್ರು ಅಜ್ಜಿ. ಅವರದೇನೂ ತಪ್ಪಿಲ್ಲ ಬಿಡಿ. ಮೊಮ್ಮಗ ತೀರ್ಕೊಂಡು ವರ್ಷ ಆಯ್ತು. ಅವನ ರಕ್ತ ಇನ್ನೊಂದು ಸಲ ತೆಗೆಯೋಕೆ ಆಗುತ್ತಾ? ನನ್ನನ್ನ ಕೊಲೆಗಾರ್ತಿ ಅಂದ್ರು."

ಅತ್ತಿಗೆ ಕೈಯೊರೆಸಿಕೊಂಡು ಫೋನ್ ಎತ್ತಿದರು. ಯಂತ್ರದಲ್ಲಿ ದೋಷವಿಲ್ಲ ಎಂಬ ಕಾಗದ ಪರೀಕ್ಷಕರಿಗೆ ತೋರಿಸಲು ನಿರ್ದೇಶಕರಿಗೂ ಬೇಕಾಗಿತ್ತು. ಸಂತೋಷದಿಂದಲೇ ಬರಹೇಳಿದರು.

ನಿರ್ದೇಶಕರ ಬಾಗಿಲ ಮೇಲಿನ ಫಲಕದಲ್ಲಿ ಪದವಿಗಳೇ ಎರಡು ಸಾಲು. ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಟ್ಟಿದ್ದರು. ಮುಂದೆ ಬರಲಿರುವವಕ್ಕೆ ಇರಬೇಕು. ಒಳಗಿನ ಗೋಡೆಯ ತುಂಬ ಅವರದೇ ಫೋಟೋಗಳು: ರಿಬ್ಬನ್ ಕತ್ತರಿಸುವಾಗ, ಹಾರ ಹಾಕಿಸಿಕೊಳ್ಳುವಾಗ, ಏನೂ ಮಾಡದೆ ನಿಂತಿರುವಾಗ. ನಡುವಿನ ದೊಡ್ಡ ಫೋಟೋದಲ್ಲಿ ಮಾತ್ರ ಅವರ ಅಳಿಯ. ಮಕ್ಕಳ ಸಂಶೋಧನೆಯ ಮುಖ್ಯಸ್ಥ ಅವನೇ. ಉಳಿದ ಅರ್ಹತೆಗಳು ಏನೇ ಇರಲಿ, ಅಳಿಯನೆಂಬುದು ದೊಡ್ಡದು. ಫೋಟೋದಲ್ಲಿ ಅವನು ಬಿಳಿ ಕೋಟು ತೊಟ್ಟು, ಉಕ್ಕಿನ ತಟ್ಟೆಯೊಂದರ ಮೇಲೆ ಬೀಸಣಿಗೆಯಂತೆ ಮಲಗಿಸಿದ ನಳಿಕೆಗಳ ಕಡೆ ಬಾಗಿ, ಭವಿಷ್ಯವನ್ನೇ ಕಂಡವನಂತೆ ಮುಗುಳ್ನಗುತ್ತಿದ್ದ.

"ಎರಡು ತಿಂಗಳ ಹಿಂದೆ ತೆಗೆಸಿದ್ದು. ನಮ್ಮ ಸಂಸ್ಥೆಯ ಪತ್ರಿಕೆಯ ಮುಖಪುಟ" ಎಂದರು ನಿರ್ದೇಶಕರು. ಅತ್ತಿಗೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ನನ್ನ ಕಣ್ಣಿಗೆ ಬಿದ್ದದ್ದು ನಳಿಕೆಗಳ ಮೇಲೆ ಸ್ಪಷ್ಟವಾಗಿ ಓದಬಹುದಾದ ಅಂಕಿಗಳು, ತಟ್ಟೆಯ ಸುತ್ತ ಮೇಜಿನ ಮೇಲೆ ಹರಡಿದ್ದ ನೀರು, ಅಷ್ಟೇ.

"ಕ್ಲೀನಿಂಗ್‌ನೋರಿಗೆ ವಿಜ್ಞಾನದ ಬೆಲೆ ಏನು ಗೊತ್ತು ಹೇಳಿ" ಎಂದರು ನಿರ್ದೇಶಕರು. "ಇಂಥೋರ ಕೈಗೆ ಪೊರಕೆ ಕೊಟ್ಟಿದ್ದೇ ತಪ್ಪು."

"ನೀವು ಹಿಡ್ಕೊಂಡಿದ್ರೆ ಬೇರೆ ಮಾತು" ಎಂದರು ಅತ್ತಿಗೆ. ಅವರಿಗೆ ಅರ್ಥವಾಗಲಿಲ್ಲ; ತಲೆದೂಗಿದರು.

ಫ್ರೀಜರ್ ಕೋಣೆಯ ಕೀಲಿ ಉಗ್ರಾಣದವನ ಬಳಿ ಇತ್ತು. ಅಳಿಯನ ಬಳಿ ಇನ್ನೊಂದು. ಭಾನುವಾರ ನೆಲ ಒರೆಸಲು ಉಗ್ರಾಣದವನೇ ಬಾಗಿಲು ತೆಗೆದುಕೊಟ್ಟು ಹೋಗುತ್ತಿದ್ದ. ಉಗ್ರಾಣದವ ನಮ್ಮನ್ನು ಕಂಡೊಡನೆ ಬೆವರಿದ. ಪಕ್ಕದ ಔಷಧಿ ಫ್ರಿಜ್ಜಿನ ಬಾಗಿಲನ್ನು ಬೆನ್ನಿನಿಂದ ಒತ್ತಿ ನಿಂತ. ಅತ್ತಿಗೆ ಅವನನ್ನು ಎರಡು ಬೆರಳಲ್ಲಿ ಸರಿಸಿ ತೆರೆದರೆ, ಲಸಿಕೆಗಳ ಸಾಲಿನ ಹಿಂದೆ ಆರು ಬಾಟಲಿ ಕೂಲ್ ಡ್ರಿಂಕ್ಸ್.

"ದಯವಿಟ್ಟು ಹೇಳ್ಬೇಡಿ ಅಮ್ಮಾ. ಬಿಸಿಲು ಜಾಸ್ತಿ..."

"ಲಸಿಕೆಗೆ ಎಂಟು ಡಿಗ್ರಿ ದಾಟಬಾರದು. ನೀನು ಬಾಯಾರಿದಾಗಲೆಲ್ಲ ಬಾಗಿಲು ತೆಗೀತೀಯ. ಮೊದಲು ಅದನ್ನ ಆಚೆ ಇಡು."

ಆಮೇಲೆ ದೊಡ್ಡ ಫ್ರೀಜರ್ ತೆರೆಸಿದರು. ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಚಳಿ ಹೊಗೆಯಂತೆ ಹೊರಬಂತು. ಗೋಡೆಗಳಿಗೆ ಎರಡು ಬೆರಳು ದಪ್ಪ ಹಿಮ ಹತ್ತಿತ್ತು, ಹಿಟ್ಟಿನ ಹಾಗೆ ಬೆಳ್ಳಗೆ, ಪುಡಿಪುಡಿಯಾಗಿ. ನಡುವಿನ ಅರೆಗಳು ಉಗ್ರಾಣದವನ ಸುಪರ್ದಿ. ಅಲ್ಲಿದ್ದ ಪ್ರತಿ ಪೊಟ್ಟಣಕ್ಕೂ ಅವನು ಸೋಮವಾರವೇ ಕೆಂಪು ಶಾಯಿಯಲ್ಲಿ 'ನಿರುಪಯುಕ್ತ' ಎಂದು ಚೀಟಿ ಅಂಟಿಸಿದ್ದ. ಕೆಳಗಿನ ಅರೆ ಅಳಿಯನದು. ಅಲ್ಲಿ ಚೀಟಿ ಇರಲಿಲ್ಲ.

"ಸೋಮವಾರ ಬಂದಾಗ ನೆಲ ಒದ್ದೆ ಇತ್ತಾ?" ಅತ್ತಿಗೆ ಕೇಳಿದರು.

"ಇಲ್ಲಮ್ಮ, ಒಣಗೇ ಇತ್ತು."

"ಚಳಿ ತಪ್ಪಿದ್ರೆ ಕೂಗೋ ಗಂಟೆ?"

"ಕೆಟ್ಟು ಒಂದು ವರ್ಷ ಆಯ್ತು. ಸಾಹೇಬರು ಸಮಿತಿ ಮಾಡಿದ್ದಾರೆ."

ಅತ್ತಿಗೆ ದಪ್ಪ ಕೈಗವಸು ಹಾಕಿಕೊಂಡು ಕೆಂಪು ಪೆಟ್ಟಿಗೆಯನ್ನು ತೆಗೆದರು. ನಳಿಕೆಗಳು ತಮ್ಮ ತಮ್ಮ ಕುಳಿಗಳಲ್ಲಿ ನೇರವಾಗಿ ನಿಂತಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಒಳಗಿನ ಮಂಜುಗಡ್ಡೆ ತಳದಲ್ಲಿ ಕೂತಿರಲಿಲ್ಲ. ಒಂದು ಬದಿಗೆ ಉದ್ದಕ್ಕೂ ಅಂಟಿಕೊಂಡಿತ್ತು. ಹನ್ನೊಂದೂ ಹಾಗೆಯೇ.

ತಾಪಮಾನ ದಾಖಲಿಸುವ ಯಂತ್ರದ ಕಾಗದವನ್ನೂ ಬಿಚ್ಚಿಸಿದರು. ಭಾನುವಾರ ಹತ್ತೂವರೆಗೆ ಗೆರೆ ಗೋಡೆ ಹತ್ತಿದಂತೆ ನೆಟ್ಟಗೆ ಮೇಲೇರಿ, ಆರೇ ನಿಮಿಷದಲ್ಲಿ ಕೋಣೆಯ ಬಿಸಿ ಮುಟ್ಟಿತ್ತು. ಸೋಮವಾರ ಒಂಬತ್ತಕ್ಕೆ ಅಷ್ಟೇ ಅವಸರದಲ್ಲಿ ಧೊಪ್ಪನೆ ಕೆಳಗಿಳಿದಿತ್ತು.

ಆಗ ಅಳಿಯ ಬಂದ. ನಮ್ಮ ಕಡೆ ಕಣ್ಣೆತ್ತಿಯೂ ನೋಡದೆ, "ಸ್ವಲ್ಪ ಸರೀರಿ, ನಂದು ನಾಜೂಕಿನ ಕೆಲಸ" ಎಂದು ಕೆಳಗಿನ ಅರೆಯಿಂದ ಎರಡು ನಳಿಕೆ ತೆಗೆದು, ಡ್ರೈ ಐಸ್ ಎಂಬ ಒಣಮಂಜು ತುಂಬಿದ ಫ್ಲಾಸ್ಕಿನಲ್ಲಿ ಹಸುಗೂಸನ್ನು ಮಲಗಿಸುವಂತೆ ಇಟ್ಟುಕೊಂಡು ಹೊರಟ. ಬಾಗಿಲಲ್ಲಿ ತಿರುಗಿ, "ಯಂತ್ರ ಸರಿಯಿದೆ ಅಂತ ಎರಡು ಸಾಲು ಬರೆದುಕೊಡಿ ಸಾಕು. ಉಳಿದದ್ದು ನಿಮಗೆ ಅರ್ಥ ಆಗಲ್ಲ" ಎಂದ.

"ಹೌದೌದು" ಎಂದರು ಅತ್ತಿಗೆ, ಅಷ್ಟು ವಿನಯದಿಂದ ಅವರು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಅವನು ಮರೆಯಾದ ಮೇಲೆ ನನ್ನ ಕಡೆ ತಿರುಗಿದರು. "ಆ ದೊಡ್ಡ ಫೋಟೋ ತೆಗೆದೋನು ಯಾರು ಅಂತ ಪತ್ತೆ ಮಾಡು. ಎಷ್ಟು ಹೊತ್ತು ಹಿಡೀತು ಕೇಳು, ಸಾಕು."

ಬುಧವಾರ ನಾಲ್ಕು ಗಂಟೆಗೆ ನಿರ್ದೇಶಕರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಕ್ಲೀನಿಂಗ್ ಹೆಂಗಸು ಕೂರಲು ಒಪ್ಪದೆ ಗೋಡೆಗೊರಗಿ ನಿಂತಳು. ಅತ್ತಿಗೆ ಹಟ ಹಿಡಿದು ಆ ಅಜ್ಜಿಯನ್ನೂ ಕರೆಸಿದ್ದರು. ಅಜ್ಜಿ ಅವಳ ಕಡೆ ನೋಡುತ್ತಿರಲಿಲ್ಲ.

"ಕಾಗದ ತಂದ್ರಾ?" ಎಂದರು ನಿರ್ದೇಶಕರು.

"ಯಂತ್ರ ಸರಿಯಿದೆ" ಎಂದರು ಅತ್ತಿಗೆ. "ಎಷ್ಟು ಸರಿಯಿದೆ ಅಂದ್ರೆ, ಭಾನುವಾರ ಅದು ನಿಂತೇ ಇರಲಿಲ್ಲ."

ಅಳಿಯ ನಕ್ಕ. "ದಾಖಲೆ ಇದೆಯಲ್ಲ!"

"ಇದೆ. ತುಂಬಿದ ಫ್ರೀಜರ್ ಪ್ಲಗ್ ಕಿತ್ತರೂ ಬಿಸಿಯಾಗೋಕೆ ಹೆಚ್ಚುಕಮ್ಮಿ ಒಂದು ಹಗಲು ಒಂದು ರಾತ್ರಿ ಬೇಕು. ನಿಮ್ಮ ಗೆರೆ ಆರು ನಿಮಿಷದಲ್ಲಿ ಹತ್ತಿದೆ. ಬಿಸಿಯಾಗಿದ್ದು ಫ್ರೀಜರ್ ಅಲ್ಲ, ತಾಪ ಅಳೆಯೋ ಕಡ್ಡಿ ಮಾತ್ರ. ಹಿಂದಿನ ತೂತಿಂದ ಅದನ್ನ ಎಳೆದು ಆಚೆ ನೇತುಹಾಕಿ, ಮಾರನೇ ದಿನ ಒಳಗೆ ತೂರಿಸಿದ್ದಾರೆ. ಪ್ಲಗ್ ಕಿತ್ತಿದ್ದೂ ಆಗಲೇ, ನಿಮಗೆಲ್ಲ ತೋರಿಸೋಕೆ. ಫ್ರೀಜರ್ ನಿಜವಾಗಿ ಕರಗಿದ್ರೆ ಗೋಡೆಯ ಹಿಮವೂ ಕರಗಿ ನೆಲದ ಮೇಲೆ ನೀರು ನಿಲ್ಲಬೇಕಿತ್ತು. ನೆಲ ಒಣಗಿತ್ತು. ಹಿಮ ತಿಂಗಳಾನುಗಟ್ಟಲೆ ಹಳೇದು, ಹಿಟ್ಟಿನ ಹಾಗೇ ಇದೆ."

ನಿರ್ದೇಶಕರ ಮುಖ ಅರಳಿತು. "ಹಾಗಾದ್ರೆ ಮಾದರಿಗಳು ಚೆನ್ನಾಗಿವೆ!"

ಅಜ್ಜಿ ತಟ್ಟನೆ ತಲೆಯೆತ್ತಿದರು. ಅತ್ತಿಗೆಯ ದನಿ ಇಳಿಯಿತು. "ಇಲ್ಲಮ್ಮ. ಅವು ಮುಂಚೆನೇ ಹಾಳಾಗಿವೆ. ನೇರ ನಿಂತ ನಳಿಕೆಯಲ್ಲಿ ಮಂಜು ಬದಿಗೆ ಅಂಟಿಕೊಂಡಿದೆ. ಅಂದ್ರೆ ಅವು ಎಲ್ಲೋ ಕರಗಿ, ಮಲಗಿಸಿದ ಹಾಗೇ ಮತ್ತೆ ಹೆಪ್ಪುಗಟ್ಟಿವೆ. ಎಲ್ಲಿ ಅಂತ ಹುಡುಕೋ ಕಷ್ಟವನ್ನೂ ಇವರು ಕೊಡಲಿಲ್ಲ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ."

ಎಲ್ಲರ ಕಣ್ಣೂ ದೊಡ್ಡ ಫೋಟೋದ ಕಡೆ ಹೋಯಿತು.

"ಎಂಬತ್ತು ಡಿಗ್ರಿ ಚಳಿಯಿಂದ ಆಗಷ್ಟೇ ತೆಗೆದ ನಳಿಕೆ ಮೇಲೆ ಬೆಳ್ಳನೆ ಹಿಮ ಕೂರುತ್ತೆ, ಅಂಕಿ ಓದೋಕಾಗಲ್ಲ. ಇಲ್ಲಿ ಒಂದೊಂದೂ ಓದಬಹುದು, ಕೆಂಪು ಪೆಟ್ಟಿಗೆಯ ನಳಿಕೆಗಳ ಅಂಕಿಗಳೇ. ಮೇಜಿನ ತುಂಬ ನೀರು. ಒಳಗಿನ ರಕ್ತ ನೋಡಿ, ನೀರಿನ ಹಾಗೆ ಬದಿಗೆ ಮಲಗಿದೆ. ಫೋಟೋದವನನ್ನ ನನ್ನ ಮೈದುನ ಕೇಳ್ಕೊಂಡು ಬಂದಿದ್ದಾನೆ."

"ಬೆಳಗ್ಗೆ ಹತ್ತರಿಂದ ಸಾಯಂಕಾಲ ನಾಲ್ಕು" ಎಂದೆ ನಾನು. "ಅಳಿಯ ಸಾಹೇಬರು ಮೂರು ಸಲ ಕೋಟು ಬದಲಾಯಿಸಿದರಂತೆ. ನಡುವೆ ಊಟಕ್ಕೂ ಹೋಗಿದ್ದರಂತೆ. ತಟ್ಟೆ ಮೇಜಿನ ಮೇಲೇ ಇತ್ತಂತೆ."

"ಆಮೇಲೆ ತಟ್ಟೆ ಸಮೇತ ಫ್ರೀಜರಿಗೆ ತಳ್ಳಿ, ಗಟ್ಟಿಯಾದ ಮೇಲೆ ಪೆಟ್ಟಿಗೆಗೆ ತುಂಬಿದ್ದಾರೆ" ಎಂದರು ಅತ್ತಿಗೆ. "ಪರೀಕ್ಷಕರು ಬರದೇ ಇದ್ದಿದ್ರೆ ಹಾಗೇ ಮುಚ್ಚಿಹೋಗ್ತಿತ್ತು. ಬರ್ತಾರೆ ಅಂದಾಗ ಒಂದು ಅಪಘಾತ ಬೇಕಾಯ್ತು. ಭಾನುವಾರ ಕೋಣೆಗೆ ಯಾರು ಬರ್ತಾರೆ ಅಂತ ಎಲ್ಲರಿಗೂ ಗೊತ್ತು."

"ಕೀಲಿ ಉಗ್ರಾಣದವನ ಹತ್ರಾನೂ ಇದೆ!" ಅಳಿಯ ಎದ್ದು ನಿಂತ. "ಅವನನ್ನ ಕೇಳಿ!"

"ಅವನು ಫ್ರೀಜರ್ ಕರಗಿತು ಅಂತ ನಂಬಿ ತನ್ನ ಸರಕಿಗೆಲ್ಲ ನಿರುಪಯುಕ್ತ ಅಂತ ಚೀಟಿ ಅಂಟಿಸಿದ್ದಾನೆ. ನೀವು? ಅದೇ ಫ್ರೀಜರಿನ ಕೆಳಗಿನ ಅರೆಯಿಂದ ನಿನ್ನೆ ನಮ್ಮೆದುರೇ ಎರಡು ನಳಿಕೆ ತೆಗೆದು, ಒಣಮಂಜಿನಲ್ಲಿ ಜೋಪಾನ ಮಾಡ್ಕೊಂಡು ಹೋದ್ರಿ. ಹಾಳಾದ ಮಾದರಿಗೆ ಆ ಉಪಚಾರ ಯಾಕೆ? ಅದು ಕರಗೇ ಇಲ್ಲ ಅಂತ ಈ ಕಟ್ಟಡದಲ್ಲಿ ಗೊತ್ತಿದ್ದೋರು ನೀವೊಬ್ಬರೇ. ಪ್ಲಗ್ ಭಾನುವಾರವೇ ನಿಜವಾಗಿ ಕಿತ್ತಿದ್ರೆ ನನಗೂ ಕಂಡುಹಿಡಿಯೋಕೆ ಕಷ್ಟ ಆಗ್ತಿತ್ತು. ಆದ್ರೆ ಕೆಳಗೆ ನಿಮ್ಮ ಸ್ವಂತ ಸಂಶೋಧನೆ ಇತ್ತಲ್ಲ. ಅದಕ್ಕೆ ಬಿಸಿ ತಾಗಬಾರದಿತ್ತು."

ಅಳಿಯ ಮಾವನ ಮುಖ ನೋಡಿದ. ಅಷ್ಟು ಓದಿದವನ ಬಾಯಿಂದ ಕೊನೆಗೆ ಬಂದದ್ದು, "ಮಾವ, ಬೆಳಕು ಸರಿ ಬರ್ತಿರಲಿಲ್ಲ" ಎಂಬ ಮಾತು. ಅಪರಾಧಿಗಳನ್ನು ನಾನು ಕೆಲವರನ್ನು ಕಂಡಿದ್ದೇನೆ. ಇಷ್ಟು ಸಣ್ಣವನನ್ನು ಕಂಡಿರಲಿಲ್ಲ.

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ನೋಡಿ, ಇದು ಈ ಕೋಣೆಯಲ್ಲೇ ಇರಲಿ. ಸಂಸ್ಥೆಯ ಘನತೆ... ಈಯಮ್ಮ ನಾಳೆಯಿಂದ ಕೆಲಸಕ್ಕೆ ಬರಲಿ. ಎಲ್ಲಾ ಸರಿಹೋಯ್ತಲ್ಲ."

ಅಜ್ಜಿ ಮೆಲ್ಲನೆ ಎದ್ದು ಫೋಟೋದ ಬಳಿ ಹೋದರು. ಗಾಜಿನ ಮೇಲೆ ಬೆರಳಿಟ್ಟು ಕೇಳಿದರು. "ಇದರಲ್ಲಿ ನಮ್ಮ ಹುಡುಗಂದು ಯಾವುದಪ್ಪಾ?"

ಅಳಿಯ ಫೋಟೋದ ಕಡೆ ಬಾಗಿದ. "ಅದು... ಅಂಕಿ ಇರುತ್ತೆ. ಪಟ್ಟಿ ನೋಡಿ ಹೇಳ್ಬೇಕು."

"ಆರು ವರ್ಷ ರಕ್ತ ತಗೊಂಡ್ರಿ" ಎಂದರು ಅಜ್ಜಿ. "ಕೊನೆಕೊನೆಗೆ ಸೂಜಿಗೆ ನರ ಸಿಗ್ತಿರಲಿಲ್ಲ. ಆದ್ರೂ ಬೇರೆ ಮಕ್ಕಳಿಗೆ ಆಗುತ್ತೆ ಅಂತ ಕೈ ಚಾಚೋನು."

ಅತ್ತಿಗೆ ಮೇಜಿನ ಮೇಲಿದ್ದ ಸಂಸ್ಥೆಯ ಕಾಗದವೊಂದನ್ನು ಎಳೆದು ನಿರ್ದೇಶಕರ ಮುಂದೆ ಇಟ್ಟರು.

"ಬರೀರಿ. ಹನ್ನೊಂದು ಮನೆಗೂ ಒಂದೊಂದು, ಪರೀಕ್ಷಕರಿಗೆ ಒಂದು, ಪೊಲೀಸರಿಗೆ ಒಂದು. ಏನಾಯ್ತು, ಯಾರಿಂದ ಆಯ್ತು, ಅಷ್ಟೇ. ಉಳಿದ ಹತ್ತು ಮಕ್ಕಳ ಮನೆಗೆ ಹೋಗಿ ಇನ್ನೊಂದು ಸಲ ರಕ್ತ ಕೊಡಿ ಅಂತ ಕೇಳೋರು ನೀವೇ. ನೀವು ಬರೀದಿದ್ರೆ ನಾಳೆ ಪರೀಕ್ಷಕರಿಗೆ ನಾನು ಹೇಳ್ತೀನಿ, ನನ್ನ ಹತ್ತನೇ ತರಗತಿ ಭಾಷೆಯಲ್ಲಿ."

ಅವರು ಬರೆದರು. ಪೆನ್ನು 'ನನ್ನ ಅಳಿಯ' ಎಂಬಲ್ಲಿಗೆ ಬಂದಾಗ ಒಂದು ನಿಮಿಷ ನಿಂತಿತು. ಅತ್ತಿಗೆ ಕಾಯುತ್ತ ನಿಂತರು. ಪೆನ್ನು ಮುಂದೆ ಹೋಯಿತು.

ಹೊರಗೆ ಬಂದಾಗ ಕ್ಲೀನಿಂಗ್ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದಳು. ನಾಳೆಯಿಂದ ಬರುವುದಿಲ್ಲವೆಂದು ಒಳಗೇ ಹೇಳಿಬಂದಿದ್ದಳು. ಅಜ್ಜಿ ಅವಳ ಪಕ್ಕ ಕಷ್ಟಪಟ್ಟು ಕೂತು, ಅವಳ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

"ತುಂಬಾ ಉರೀತಾ ಇದೆಯಾ?"

"ಇಲ್ಲ ಬಿಡಿ ಅಜ್ಜಿ" ಎಂದಳು ಅವಳು. ಎರಡು ದಿನದಿಂದ ತಡೆದಿಟ್ಟುಕೊಂಡಿದ್ದ ಅಳು ಆಗ ಬಂತು.